ಕರೆಯದೆ ಉಣ್ಣುವಂತಿಲ್ಲ

ನನ್ನ ಅಕ್ಕ ಗಾಮ್‌ಹೋ ಮೂವತ್ತೊಂದು ವರ್ಷ ಕಡುಬು ಮಡಿಸಿ ಜೀವನ ಸಾಗಿಸಿದವಳು. ಗ್ವಾಂಗ್‌ಜೌ ನಗರದ ಪಶ್ಚಿಮದ ಹಳೇ ಪೇಟೆಯಲ್ಲಿ, ನಮ್ಮ ಗಲ್ಲಿ ದೊಡ್ಡ ರಸ್ತೆಗೆ ಸೇರುವ ಕಡೆ ಒಂದು ನೂಡಲ್ಸ್ ಅಂಗಡಿ ಇತ್ತು. ಅದರ ಕಿಟಕಿಯ ಪಕ್ಕ ಅವಳ ಜಾಗ. ಅಂಗೈಯಲ್ಲಿ ತೆಳ್ಳನೆಯ ಹಿಟ್ಟಿನ ಹಾಳೆ, ನಡುವೆ ಸೀಗಡಿಯ ಹೂರಣ, ಒಂದು ಚಿವುಟು, ಒಂದು ತಿರುವು, ಕಡುಬು ತಟ್ಟೆಗೆ. ಕಣ್ಣು ರಸ್ತೆಯ ಮೇಲೆ, ಬಾಯಿ ನನ್ನ ಜೊತೆ ಜಗಳದಲ್ಲಿ, ಕೈ ಮಾತ್ರ ತನ್ನ ಪಾಡಿಗೆ ತಾನು ಮಡಿಸುತ್ತಿತ್ತು. ತಂಗಿಯಾದ್ದರಿಂದ ಹೊಗಳುತ್ತಿದ್ದಾಳೆ ಅಂದುಕೊಳ್ಳಬೇಡಿ. ಅವಳ ಮೊಂಡುತನದ ಕತೆ ಕೇಳಿದರೆ ಇದರ ಹತ್ತರಷ್ಟು ಹೇಳಬಲ್ಲೆ.

ನಮ್ಮಲ್ಲಿ ಊಟಕ್ಕೆ ಕೂತಾಗ ಕಿರಿಯರು ಹಿರಿಯರನ್ನು ಕರೆಯಬೇಕು. ‘ಅಪ್ಪ, ಊಟ ಮಾಡಿ. ಅಮ್ಮ, ಊಟ ಮಾಡಿ. ಚಿಕ್ಕಮ್ಮ, ಊಟ ಮಾಡಿ.’ ಹೀಗೆ ದೊಡ್ಡವರಿಂದ ಶುರುಮಾಡಿ, ಸಾಲು ತಪ್ಪದಂತೆ ಒಬ್ಬೊಬ್ಬರನ್ನೇ ಕರೆದು ಮುಗಿಸಿ, ಆಮೇಲೆ ಊಟದ ಕಡ್ಡಿ ಎತ್ತಬೇಕು. ಮೇಲಿನವರನ್ನು ಬಿಟ್ಟು ಕೆಳಗಿನವರನ್ನು ಕರೆಯುವ ಹಾಗಿಲ್ಲ. ಅಕ್ಕನ ಮಗ ಚಿಕ್ಕವನಿದ್ದಾಗಿನಿಂದ ದಿನಾ ಕರೆದವನೇ. ಅವನು ಕರೆದು ಮುಗಿಸಿದ ಮೇಲೂ ಅಕ್ಕ ತಕ್ಷಣ ಕಡ್ಡಿ ಎತ್ತುತ್ತಿರಲಿಲ್ಲ. ಇನ್ನೊಂದು ದನಿ ಬರಬೇಕಿದೆ ಅನ್ನುವಂತೆ ಒಂದು ಗಳಿಗೆ ಸುಮ್ಮನೆ ಕೂತಿರುತ್ತಿದ್ದಳು. ಭಾವನಿಗೂ ಗೊತ್ತು, ನನಗೂ ಗೊತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಆ ಇನ್ನೊಂದು ದನಿ ಅವಳ ಎರಡನೇ ಹೆರಿಗೆಯ ಮಗುವಿನದು. ಆಗ ಒಂದು ಮನೆಗೆ ಒಂದೇ ಮಗು ಅನ್ನುವ ಸರ್ಕಾರಿ ಕಟ್ಟಳೆಯ ಕಾಲ. ಭಾವ ಸೆಕ್‌ಮಿಂಗ್ ನಗರದ ಬಸ್ಸಿನ ಚಾಲಕ. ಎರಡನೆಯದು ಹುಟ್ಟಿತೆಂದು ಗೊತ್ತಾದರೆ ಕೆಲಸವೂ ಹೋಗುತ್ತಿತ್ತು, ಕೆಲಸದ ಜೊತೆ ಕೊಟ್ಟ ಮನೆಯೂ ಹೋಗುತ್ತಿತ್ತು. ಅಕ್ಕ ಹಳ್ಳಿಗೆ ಹೋಗಿ ಗುಟ್ಟಾಗಿ ಹೆತ್ತಳು. ಹೆಣ್ಣು ಮಗು. ನಲವತ್ತು ದಿನ ಹಾಲು ಕೊಟ್ಟಳು. ನಲವತ್ತೊಂದನೇ ದಿನ ಸೂಲಗಿತ್ತಿ ಬಂದು, ಮಕ್ಕಳಿಲ್ಲದ ಒಳ್ಳೆಯ ಮನೆ ಸಿಕ್ಕಿದೆ ಎಂದು ಹೇಳಿ ಎತ್ತಿಕೊಂಡು ಹೋದಳು. ಯಾವ ಊರು ಎಂದು ಹೇಳಲಿಲ್ಲ. ಆಮೇಲೆ ಅಕ್ಕ ಒಂದು ವಾರ, ಹಾಲು ಇಂಗಲೆಂದು ಎದೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ನಾನೇ ಬಿಗಿದದ್ದು.

ಮೂವತ್ತೈದು ವರ್ಷ ಕಳೆದ ಮೇಲೆ, ಸಾಯುವ ಮುಂಚೆ ಆ ಸೂಲಗಿತ್ತಿ ಊರಿನ ಹೆಸರು ಬಾಯಿಬಿಟ್ಟಳು. ಮೇಜೌ ಕಡೆಯ ಬೆಟ್ಟದ ಮೇಲೆ, ಬೇರೆಯೇ ಭಾಷೆ ಆಡುವ ಹಕ್ಕಾ ಜನರ ಒಂದು ಚಹಾ ತೋಟದ ಮನೆ. ಅಕ್ಕ ನನ್ನ ಕೈಯಲ್ಲಿ ಪತ್ರ ಬರೆಸಿದಳು. ಎಂಟು ತಿಂಗಳು ಉತ್ತರವಿಲ್ಲ. ಕೊನೆಗೆ ಬಂದದ್ದು ಎರಡೇ ಸಾಲು: ‘ಮಗಳ ರಜೆಯಲ್ಲಿ ಅವಳನ್ನು ಕರೆದುಕೊಂಡು ಬರುತ್ತೇನೆ. ಬೆಳಿಗ್ಗೆ ಬಂದು ಸಂಜೆಯ ರೈಲಿಗೆ ಹೊರಡುತ್ತೇವೆ. ಯುನ್‌ಮೋಯ್.’

“ಯುನ್‌ಮೋಯ್” ಎಂದು ಅಕ್ಕ ಹೇಳಿ ನೋಡಿದಳು. ಅವಳು ಇಟ್ಟ ಹೆಸರು ಬೇರೆ ಇತ್ತು. “ಚೆನ್ನಾಗಿದೆ ಕಣೇ ಹೆಸರು. ನಾನಿಟ್ಟಿದ್ದಕ್ಕಿಂತ ಚೆನ್ನಾಗಿದೆ.”

“ಬಂದ ಮೇಲೆ ಅಳ್ತಾ ಕೂರಬೇಡ” ಎಂದೆ.

“ಅಳಲ್ಲ. ನಂಗೆ ಬೇರೇನೂ ಬೇಡ ಲಿನ್. ಊಟಕ್ಕೆ ಕೂತಾಗ ಒಂದ್ಸಲ ‘ಅಮ್ಮ, ಊಟ ಮಾಡಿ’ ಅಂದ್ರೆ ಸಾಕು. ಆಮೇಲೆ ಬೇಕಾದ್ರೆ ಇನ್ನು ಯಾವತ್ತೂ ಬರದೇ ಹೋಗ್ಲಿ.”

ಅವರು ಬಂದ ದಿನ ರೈಲು ನಿಲ್ದಾಣದಲ್ಲಿ ಜನ ಇಳಿದು ಬರುವ ಬಾಗಿಲ ಹತ್ತಿರ ಅಕ್ಕ, ಭಾವ, ನಾನು ಮೂವರೂ ನಿಂತಿದ್ದೆವು. ಅಕ್ಕ ತನ್ನ ಮಗನಿಗೆ ಬರಬೇಡ ಎಂದಿದ್ದಳು. ತನ್ನ ಬಳಿ ಉಳಿಸಿಕೊಂಡ ಮಗನನ್ನು, ಕೊಟ್ಟುಬಿಟ್ಟ ಮಗಳ ಮುಂದೆ ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ. ಯುನ್‌ಮೋಯ್‌ಳನ್ನು ಗುರುತಿಸಲು ಕಷ್ಟವೇ ಆಗಲಿಲ್ಲ. ಅಕ್ಕನದೇ ಹಣೆ, ಅಕ್ಕನದೇ ಬಿರುಸು ನಡಿಗೆ. ಕೈಯಲ್ಲಿ ಚಹಾ ಸೊಪ್ಪಿನ ಡಬ್ಬ, ಪಕ್ಕದಲ್ಲಿ ಏಳು ವರ್ಷದ ಮಗಳು ಸಿನ್‌ಯೀ. ಯುನ್‌ಮೋಯ್ ನನ್ನನ್ನು ನೋಡಿ ಸಲೀಸಾಗಿ “ಚಿಕ್ಕಮ್ಮ” ಎಂದಳು. ಆಮೇಲೆ ಅವಳು ಅಕ್ಕ-ಭಾವ ಇಬ್ಬರ ಕಡೆಗೂ ತಿರುಗಿ ತಲೆ ಬಗ್ಗಿಸಿದಳು. ಬಾಯಿ ತೆರೆಯಿತು, ಹಾಗೇ ಮುಚ್ಚಿಕೊಂಡಿತು.

“ಇವರು ಅಜ್ಜ, ಇವರು ಅಜ್ಜಿ. ಕರೀ ಪುಟ್ಟಿ” ಎಂದಳು ಮಗಳಿಗೆ.

“ಅಜ್ಜಾ! ಅಜ್ಜೀ!” ಹುಡುಗಿ ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಕೂಗಿತು. ಅಕ್ಕ ಅದರ ಕೆನ್ನೆ ಸವರಿದಳು. ಕಣ್ಣು ಮಾತ್ರ ಹುಡುಗಿಯ ಅಮ್ಮನ ಬಾಯಿಯ ಮೇಲೆಯೇ ಇತ್ತು.

ಮೊದಲು ಬೆಳಗಿನ ಚಹಾಕ್ಕೆ ಹೋದೆವು. ಶನಿವಾರ ಬೇರೆ, ಹಳೇ ಚಹಾ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವ ಐದು ಗಂಟೆಗೇ ಬಂದು ಮೇಜು ಹಿಡಿದು, ಪಕ್ಕದ ಮೇಜಿನ ಮುದುಕನನ್ನು ಕಾವಲಿಗಿಟ್ಟು ನಿಲ್ದಾಣಕ್ಕೆ ಬಂದಿದ್ದ. ಇಲ್ಲಿಯ ರೂಢಿಯಂತೆ ಬಿಸಿ ಚಹಾದಲ್ಲಿ ಬಟ್ಟಲು ತೊಳೆದದ್ದಾಯಿತು. ಯುನ್‌ಮೋಯ್ ತಾನೇ ಎದ್ದು ಎಲ್ಲರಿಗೂ ಚಹಾ ಬಗ್ಗಿಸಿದಳು. ಹಿರಿಯರಿಗೆ ಮೊದಲು, ತನಗೆ ಕೊನೆಗೆ. ಭಾವ ಎರಡು ಬೆರಳಿಂದ ಮೇಜು ತಟ್ಟಿ ಉಪಕಾರ ಹೇಳಿದ. ಬೆಳೆಸಿದವರು ಚೆನ್ನಾಗಿಯೇ ಬೆಳೆಸಿದ್ದಾರೆ ಅಂದುಕೊಂಡೆ. ಹಬೆಯಾಡುವ ಬುಟ್ಟಿಗಳು ಬಂದವು: ಸೀಗಡಿ ಕಡುಬು, ಕೋಳಿಕಾಲು, ಮೂಲಂಗಿಯ ಹುರಿದ ತುಂಡು, ಅಕ್ಕಿ ಹಿಟ್ಟಿನ ಸುರುಳಿ.

“ಅಜ್ಜ ತಿನ್ನಿ, ಅಜ್ಜಿ ತಿನ್ನಿ, ಚಿಕ್ಕಜ್ಜಿ ತಿನ್ನಿ, ಅಮ್ಮ ತಿನ್ನು!” ಸಿನ್‌ಯೀ ಒಂದೇ ಉಸಿರಿಗೆ ಒದರಿ ಕಡುಬಿಗೆ ಕೈ ಹಾಕಿತು.

ಈಗ ಯುನ್‌ಮೋಯ್ ಸರದಿ. ಅವಳು ಕಡ್ಡಿಗಳನ್ನು ಸಮ ಮಾಡಿ ಬಟ್ಟಲಿನ ಪಕ್ಕ ಇಟ್ಟಳು. ತಲೆ ತಗ್ಗಿಸಿ ಕೂತಳು. ಅಕ್ಕ ಕಾದಳು, ನಾನೂ ಕಾದೆ.

“ನೀವೆಲ್ಲ ಶುರುಮಾಡಿ. ನಂಗೆ ಹೊಟ್ಟೆ ಅಷ್ಟು ಸರಿ ಇಲ್ಲ, ರೈಲಲ್ಲಿ ತೊಳಸಿದ ಹಾಗಾಯ್ತು” ಎಂದಳು. ಮಗಳ ಬಟ್ಟಲಿಗೆ ಬಡಿಸಿದಳು, ನಮಗೆಲ್ಲ ಚಹಾ ತುಂಬಿಸಿದಳು. ತಾನು ಬರೀ ಚಹಾ ಕುಡಿದಳು.

ಅಲ್ಲಿಂದ ಕಾಲುವೆಗೆ ಹೋಗಿ ದೋಣಿ ಹತ್ತಿದೆವು. ಭಾವ ಮೊಮ್ಮಗಳಿಗೆ ಸೇತುವೆಗಳನ್ನು ಎಣಿಸಿ ತೋರಿಸುತ್ತಿದ್ದ, ಎಣಿಕೆ ತಪ್ಪಿ ಬೈಸಿಕೊಳ್ಳುತ್ತಿದ್ದ. ದೋಣಿಯಲ್ಲಿ ಮಾರುವ ಮೀನಿನ ಗಂಜಿ ಈ ಕಡೆಯವರಿಗೆ ಪ್ರಾಣ. ಅಕ್ಕ ಒಂದು ಬಟ್ಟಲು ತರಿಸಿ ಮಗಳ ಮುಂದೆ ಹಿಡಿದಳು.

“ಆಮೇಲೆ ತಿಂತೀನಿ” ಎಂದು ಯುನ್‌ಮೋಯ್ ಬಟ್ಟಲನ್ನು ಮಗಳ ಕೈಗೆ ದಾಟಿಸಿದಳು.

ದೋಣಿಯಲ್ಲಿ ಮಾತು ಮಾತಿಗೆ ಒಂದು ವಿಷಯ ಹೊರಬಿತ್ತು. ಮದುವೆಗೆ ಮುಂಚೆ ಅವಳು ನಾಲ್ಕು ವರ್ಷ ಡೋಂಗ್‌ಗುವಾನಿನ ಶೂ ಕಾರ್ಖಾನೆಯಲ್ಲಿದ್ದಳಂತೆ. ನಮ್ಮ ಮಾತು ಕಲಿತದ್ದೂ ಅಲ್ಲೇ. ನಮ್ಮ ಗಲ್ಲಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ.

“ಭಾನುವಾರ ಈ ಪೇಟೆಗೆ ಬರ್ತಿದ್ವಿ, ಗೆಳತಿಯರೆಲ್ಲ ಸೇರಿ” ಎಂದಳು.

“ನಮ್ಮ ಬೀದೀಲಿ ನೂಡಲ್ಸ್ ತಿಂದಿದ್ಯಾ ಯಾವತ್ತಾದ್ರೂ?” ಎಂದು ಅಕ್ಕ ಕೇಳಿದಳು.

“ತಿಂದಿರಬಹುದು. ಯಾವ ಅಂಗಡೀಲಿ ಅಂತ ನೆನಪಿಲ್ಲ.”

ಅಕ್ಕ ಮುಖ ತಿರುಗಿಸಿಕೊಂಡು ನೀರು ನೋಡುತ್ತ ಕೂತಳು. ಎಷ್ಟು ಸಾವಿರ ಹುಡುಗಿಯರಿಗೆ ಆ ಕಿಟಕಿಯಿಂದ ಕಡುಬು ಕಳಿಸಿದ್ದಳೋ!

ದೋಣಿ ಇಳಿದು, ಒಂದು ಹಳೆಯ ಮನೆತನ ತನ್ನ ಪೂರ್ವಜರ ಪೂಜೆಗೆ ಕಟ್ಟಿಸಿದ ಭವನ ನೋಡಲು ಹೋದೆವು. ಒಂದರ ಹಿಂದೊಂದು ಅಂಗಳ, ಮಾಡಿನ ಮೇಲೆಲ್ಲ ಬಣ್ಣದ ಗೊಂಬೆಗಳು, ಒಳಗೆ ಜನಸಂದಣಿ. ಅಲ್ಲಿ ಅಕ್ಕ ಮಾಡಿದ್ದನ್ನು ನೆನೆದರೆ ಈಗಲೂ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಬೇಕೆಂದೇ ಹಿಂದೆ ಉಳಿದಳು. ಒಂದು ಕಂಬದ ಮರೆಯಲ್ಲಿ, ಇಲ್ಲದ ಹೂವಿನ ಕೆತ್ತನೆ ನೋಡುವವಳ ಹಾಗೆ ನಿಂತುಬಿಟ್ಟಳು. ಮಗಳು ತಿರುಗಿ ನೋಡಿ, ಕಾಣದೆ ಗಾಬರಿಯಾಗಿ ಕೂಗಬೇಕು, ಅದು ಅವಳ ಲೆಕ್ಕ. ಏನೆಂದು ಕೂಗುತ್ತಾಳೆ? ಒಂದೇ ಮಾತು ತಾನೇ ಇರುವುದು? ಅರವತ್ತಮೂರು ವರ್ಷದ ಹೆಂಗಸು ಕಣ್ಣಾಮುಚ್ಚಾಲೆ ಆಡುತ್ತಿದ್ದಳು!

ಯುನ್‌ಮೋಯ್ ತಿರುಗಿ ನೋಡಿದಳು. ಗಾಬರಿಯೂ ಆದಳು. ಕೂಗಲಿಲ್ಲ. ಮೂರು ಅಂಗಳ ದಾಟಿ, ಜನರನ್ನು ತಳ್ಳಿಕೊಂಡು, ಒಂದೊಂದು ಕಂಬದ ಹಿಂದೆ ಹುಡುಕಿಕೊಂಡು ಹೋಗಿ ಅಕ್ಕನ ತೋಳು ಮುಟ್ಟಿದಳು.

“ಇಲ್ಲಿದೀರಾ? ಹೆದರಿಬಿಟ್ಟಿದ್ದೆ” ಎಂದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಧ್ಯಾಹ್ನ ಸಿಹಿ ಅಂಗಡಿಯಲ್ಲಿ ಅದು ನೆತ್ತಿಗೇರಿತು. ಶುಂಠಿ ರಸದಲ್ಲಿ ಹೆಪ್ಪುಗಟ್ಟಿಸಿದ ಎಮ್ಮೆ ಹಾಲು, ಗಿಣ್ಣಿನ ಹಾಗೆ ಬಿಸಿಬಿಸಿಯಾಗಿ ನಡುಗುತ್ತಿತ್ತು. ಹೊಟ್ಟೆ ಕೆಟ್ಟವರಿಗೂ ಒಳ್ಳೆಯದು. ಅದಕ್ಕೂ ಬೇಡ ಎಂದಳು ಮಹಾರಾಣಿ.

ಅಕ್ಕನನ್ನು ಪಕ್ಕಕ್ಕೆ ಎಳೆದೆ. “ಎಷ್ಟು ಗತ್ತು ನೋಡು ಇವಳಿಗೆ! ಬೆಳಗಿನಿಂದ ನಮ್ಮ ಕೈಯ ಒಂದು ತುತ್ತು ಮುಟ್ಟಿಲ್ಲ. ಸೇಡು ತೀರಿಸ್ಕೊಳ್ಳೋಕೆ ಬಂದಿದಾಳೆ, ಅಷ್ಟೇ.”

“ಬಾಯಿ ಮುಚ್ಚು. ಸೇಡಾದ್ರೂ ತೀರಿಸ್ಕೊಳ್ಲಿ, ನಾನು ಮಾಡಿದ್ದಕ್ಕೆ ಅದೂ ಕಮ್ಮೀನೆ” ಎಂದಳು ಅಕ್ಕ. “ಮನೇಲಿ ತಿಂತಾಳೆ. ನನ್ನ ಕೈಯಾರೆ ಮಡಿಸಿರೋದು, ತಿನ್ನದೆ ಇರ್ತಾಳಾ?”

ಆರೂ ಹತ್ತಕ್ಕೆ ರೈಲು. ಅದಕ್ಕೇ ನಾಲ್ಕು ಗಂಟೆಗೇ ಮನೆಯಲ್ಲಿ ಊಟಕ್ಕೆ ಕೂತೆವು. ಹಬೆಯಲ್ಲಿ ಬೇಯಿಸಿದ ಮೀನು, ಸೊಪ್ಪು, ಮಧ್ಯದಲ್ಲಿ ದೊಡ್ಡ ಬೋಗುಣಿಯ ತುಂಬ ಸಾರಿನಲ್ಲಿ ತೇಲುವ ಕಡುಬು. ಸಿನ್‌ಯೀ ಎಲ್ಲರನ್ನೂ ಕರೆದು ಶುರುಹಚ್ಚಿತು. ಯುನ್‌ಮೋಯ್ ಕಡ್ಡಿ ಸಮ ಮಾಡಿ ಇಟ್ಟಳು. ಈ ಸಲ ತಲೆಯೆತ್ತಿ ಭಾವನನ್ನು ನೋಡಿದಳು. ತುಟಿ ಅಲುಗಿತು, ನಿಂತಿತು. ಅಕ್ಕನನ್ನು ನೋಡಿದಳು. ಮತ್ತೆ ಅಲುಗಿತು, ಮತ್ತೆ ನಿಂತಿತು.

ಅಷ್ಟರಲ್ಲಿ ಅವಳ ಹೊಟ್ಟೆ ಗುರ್ರ್ ಎಂದಿತು, ಮೇಜಿನ ಈ ತುದಿಗೂ ಕೇಳುವಷ್ಟು ಜೋರಾಗಿ. ಸಿನ್‌ಯೀ ಕಿಸಕ್ಕೆಂದು ನಕ್ಕಿತು. “ಅಮ್ಮನ ಹೊಟ್ಟೆ ಬೈತಾ ಇದೆ!”

“ಹಸಿವಾಗಿದ್ಯಾ?” ಎಂದಳು ಅಕ್ಕ.

ಯುನ್‌ಮೋಯ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. “ಹೊಟ್ಟೆ ಸರಿ ಇಲ್ಲ ಅಂದಿದ್ದು ಸುಳ್ಳು. ನಿನ್ನೆ ಮಧ್ಯಾಹ್ನ ಉಂಡಿದ್ದು. ರಾತ್ರಿ ಇವತ್ತಿನದನ್ನ ನೆನೆಸಿಕೊಂಡೇ ಊಟ ಸೇರಲಿಲ್ಲ. ಕರೀದೆ ಉಂಡ್ರೆ ನಮ್ಮನೇಲಿ ಅಮ್ಮ ಬೆರಳ ಮೇಲೆ ಕಡ್ಡೀಲಿ ಹೊಡೀತಿದ್ರು. ಕರೀದೆ ಉಣ್ಣೋಕೆ ನಂಗೆ ಬರಲ್ಲ. ಬೆಳಗಿನಿಂದ ಪ್ರಯತ್ನ ಮಾಡ್ತಾನೇ ಇದೀನಿ. ಆ ಮಾತು ಬಾಯಿ ತನಕ ಬರತ್ತೆ, ಆಗ ಊರಲ್ಲಿರೋ ಅಮ್ಮನ ಮುಖ ಕಣ್ಣಮುಂದೆ ಬಂದು ನಿಲ್ಲತ್ತೆ. ‘ದೊಡ್ಡಮ್ಮ’ ಅಂತ ಕರೆದುಬಿಡಬಹುದಿತ್ತು. ನಿಮ್ಮ ಮುಖ ನೋಡಿದ್ರೆ ಅದೂ ಆಗ್ಲಿಲ್ಲ.”

ಇಡೀ ದಿನ ನಾನು ಗತ್ತು ಎಂದದ್ದು ಹಸಿವೆಯಾಗಿತ್ತು. ಹಸಿದ ಹೊಟ್ಟೆಯಲ್ಲೇ ಅವಳು ನಮಗೆ ಚಹಾ ಬಗ್ಗಿಸಿದ್ದಳು, ಕಂಬದ ಹಿಂದೆ ಹುಡುಕಿದ್ದಳು. ಸೊಪ್ಪಿನ ತಟ್ಟೆಯನ್ನು ಅತ್ತಿತ್ತ ಸರಿಸುತ್ತಿದ್ದೆ.

“ಏನಾದ್ರೂ ಒಂದು ಕರೆದು ತಿನ್ನಮ್ಮ. ನಮಗೇನೂ ಬೇಜಾರಿಲ್ಲ” ಎಂದ ಭಾವ.

ಯುನ್‌ಮೋಯ್ ಮತ್ತೆ ಬಾಯಿ ತೆರೆದಳು. ಈ ಸಲ ಉಸಿರನ್ನೂ ಎಳೆದುಕೊಂಡಳು. ಬಂತು, ಈಗ ಬಂತು ಎಂದುಕೊಂಡೆ. ಅವಳ ಕಣ್ಣಿಂದ ನೀರು ಇಳಿಯಿತು.

ಅಕ್ಕ ಎದ್ದು ನಿಂತಳು. ಬೋಗುಣಿಯಿಂದ ಕಡುಬು ತೆಗೆದು ಮಗಳ ಬಟ್ಟಲಿಗೆ ಹಾಕಿದಳು. “ಯುನ್‌ಮೋಯ್, ಊಟ ಮಾಡು” ಎಂದಳು.

ನಮ್ಮಲ್ಲಿ ಹಿರಿಯರು ಕಿರಿಯರನ್ನು ಹಾಗೆ ಕರೆಯುವುದಿಲ್ಲ. ನಾನಂತೂ ಹುಟ್ಟಿದ ಮೇಲೆ ಕೇಳಿಲ್ಲ. ಭಾವ ಒಂದು ಕ್ಷಣ ಅಕ್ಕನ ಮುಖ ನೋಡಿದ. ಆಮೇಲೆ ತಾನೂ ಕಡ್ಡಿ ಕೆಳಗಿಟ್ಟು, “ಯುನ್‌ಮೋಯ್, ಊಟ ಮಾಡು” ಎಂದ. ನಾನೂ ಎಂದೆ.

“ನಾವೆಲ್ಲ ಕರೆದಾಯ್ತು. ನೀನು ಕರೆಯೋ ಹಾಗೇ ಇಲ್ಲ ಈಗ” ಎಂದಳು ಅಕ್ಕ. “ತಿನ್ನು, ಆರಿಹೋಗತ್ತೆ.”

ಅವಳು ತಿಂದಳು. ಮೊದಲು ಒಂದು, ಆಮೇಲೆ ಬಗ್ಗಿ, ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದು, ಅಳುತ್ತ, ಮೂಗು ಒರೆಸಿಕೊಳ್ಳುತ್ತ, ನಿಲ್ಲಿಸದೆ ತಿಂದಳು. ಅಕ್ಕ ಹಾಕುತ್ತಲೇ ಇದ್ದಳು. “ಮೀನೂ ತಗೋ. ಮುಳ್ಳು ನೋಡ್ಕೊಂಡು ತಿನ್ನು” ಎನ್ನುತ್ತಿದ್ದಳು. ತಾನು ಒಂದು ತುತ್ತೂ ತಿನ್ನಲಿಲ್ಲ. ಮಗಳು ಅಗಿಯುವುದನ್ನೇ ನೋಡುತ್ತಿದ್ದಳು.

ನಿಲ್ದಾಣದಲ್ಲಿ ಯುನ್‌ಮೋಯ್ ಎರಡೂ ಕೈಯಿಂದ ಅಕ್ಕನ ಕೈ ಹಿಡಿದುಕೊಂಡಳು. “ಹುಷಾರಾಗಿರಿ” ಎಂದಳು. ಸಿನ್‌ಯೀ “ಅಜ್ಜಿ, ಟಾಟಾ!” ಎಂದು ಕೂಗಿತು. ಬಾಗಿಲಾಚೆ ಇಬ್ಬರೂ ಜನರಲ್ಲಿ ಸೇರಿಹೋದರು. ಅಲ್ಲಿಯ ತನಕವೂ ಆ ಮಾತು ಬರಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಯಾಕೆ ಎದ್ದೆ ನೀನು? ಇನ್ನೊಂದು ನಿಮಿಷ ತಡೆದಿದ್ರೆ ಕರೀತಿದ್ಲು.”

“ಕರೀತಿದ್ಲು” ಎಂದಳು ಅಕ್ಕ. “ಬಾಯಿ ತನಕ ಬಂದಿತ್ತು, ನಂಗೂ ಕಾಣಿಸ್ತು. ಹಸಿವು ತಡೀಲಾರದೆ ಕರೀತಿದ್ಲು ಲಿನ್. ಊರಿಗೆ ಹೋಗಿ ಸಾಕಿದ ಅಮ್ಮನ ಮುಖ ಹೇಗೆ ನೋಡೋದು ಅಂತ ಆಮೇಲೆ ಒದ್ದಾಡ್ತಿದ್ಲು.”

ಎರಡು ನಿಲ್ದಾಣ ಹೋದವು. ನಾನು ಇನ್ನು ಕೆದಕಬಾರದು ಎಂದು ಕಿಟಕಿಯ ಕಡೆ ತಿರುಗಿದೆ.

“ಆದ್ರೂ ಒಂದ್ಸಲ ಕರೀಬೇಕಿತ್ತು ಕಣೇ” ಎಂದಳು. “ಒಂದೇ ಒಂದ್ಸಲ.”