ಇಳಾಳ ಶೂ ಕಟ್ಟಿದವರು

ಇಂಥ ಕತೆಗಳನ್ನು ಯಾರಾದರೂ ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದುದು, ಬೆಳಕು ಎಷ್ಟಿತ್ತು ಎಂದು. ಉತ್ತರ ತಡವರಿಸಿದರೆ ಒಳಗೊಳಗೇ ನಗುತ್ತಿದ್ದೆ. ಪರದೇಶದ ಲಿಂಕೋಪಿಂಗ್ ಎಂಬ ಊರಿನ ಪ್ರಯೋಗಾಲಯವೊಂದರಲ್ಲಿ ದಿನವಿಡೀ ಅಳೆಯುವುದೇ ನನ್ನ ಕೆಲಸ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ಬೆಳಕು ಚೆನ್ನಾಗಿಯೇ ಇತ್ತು, ಮಟಮಟ ಮಧ್ಯಾಹ್ನ. ಆದರೂ ನಾನು ಏನನ್ನೂ ನೋಡಲಿಲ್ಲ.

ಕೆಲವು ಬೇಸಿಗೆಗಳ ಹಿಂದಿನ ಮಾತು. ನಾನು, ನನ್ನ ಗಂಡ ಸುಧೀಂದ್ರ, ಐದು ವರ್ಷದ ಮಗಳು ಇಳಾ ಸೈಕಲ್ಲಿನಲ್ಲಿ ಹಳ್ಳಿ ನೋಡಲು ಹೊರಟಿದ್ದೆವು. ಕೆಂಪು ಬಣ್ಣದ ಕೊಟ್ಟಿಗೆಗಳು, ರೆಕ್ಕೆ ಮುರಿದ ಗಾಳಿಗಿರಣಿ, ಕಂಡಲ್ಲೆಲ್ಲ ಇಳಿದು ನಿಲ್ಲುತ್ತಿದ್ದೆವು. ಹೊಲಗಳ ನಡುವೆ ಒಂದು ಪುಟ್ಟ ಕಲ್ಲಿನ ಚರ್ಚು ಸಿಕ್ಕಿತು. ಹಿಂದೆ ಬೇಲಿಯಿಲ್ಲದ ಕೊಳ.

ಮೆಟ್ಟಿಲ ಬಳಿ ಅಭ್ಯಾಸಬಲದಿಂದ ಎಲ್ಲರೂ ಚಪ್ಪಲಿ ಬಿಟ್ಟೆವು. ಇಳಾಳ ಶೂ ಲೇಸು ನಾನೇ ಬಿಚ್ಚಿದೆ.

"ಲೇ, ಇದು ದೇವಸ್ಥಾನ ಅಲ್ಲ ಕಣೇ!" ಸುಧೀಂದ್ರ ನಕ್ಕ.

"ಮತ್ತೆ ನೀನ್ಯಾಕೆ ಬಿಟ್ಟೆ?"

ದಪ್ಪ ಮರದ ಬಾಗಿಲು. ಇಬ್ಬರೂ ತಳ್ಳಿದ ಮೇಲೆ ದೊಡ್ಡದಾಗಿ ನರಳುತ್ತ ತೆರೆದು, ನರಳುತ್ತಲೇ ಮುಚ್ಚಿಕೊಂಡಿತು. ಒಳಗೆ ಯಾರೂ ಇರಲಿಲ್ಲ. ಇಳಾ ಹಿಂದಿನ ಬೆಂಚಿನಲ್ಲಿ ಕಾಲಾಡಿಸುತ್ತ ಕೂತಳು. ನಾವು ಕತ್ತೆತ್ತಿ ಚಾವಣಿಯ ಮಾಸಿದ ಚಿತ್ರಗಳನ್ನು ನೋಡಿದೆವು. ಕತ್ತಿಳಿಸಿದಾಗ ಬೆಂಚು ಖಾಲಿ.

ಬಾಗಿಲು ಸದ್ದು ಮಾಡಿರಲಿಲ್ಲ, ಹಾಗಾಗಿ ಒಳಗೇ ಬೆಂಚುಗಳಡಿ ಹುಡುಕಿದೆವು. ಸಿಗಲಿಲ್ಲ. ಹೊರಗೆ ಬಂದರೆ ನಮ್ಮ ಚಪ್ಪಲಿಗಳಿದ್ದವು, ಅವಳ ಶೂ ಇರಲಿಲ್ಲ. ಬರಿಗಾಲಲ್ಲಿ ಕೊಳದ ಕಡೆ ಓಡಿದೆ. ನೀರು ಅಲುಗದೆ ನಿಂತಿತ್ತು. ದಂಡೆಯಲ್ಲಿ ಬಗ್ಗಿ ಅದರೊಳಗೆ ನೋಡತೊಡಗಿದೆ.

"ಇಲ್ಲಿದಾಳೆ ಕಣೇ!" ಸುಧೀಂದ್ರ ಚರ್ಚಿನ ಆಚೆ ಬದಿಯಿಂದ ಕೂಗಿದ.

ಮೋಟು ಗೋಡೆಯ ಮೇಲೆ, ಕೊಳಕ್ಕೆ ಬೆನ್ನು ಹಾಕಿ ಕೂತಿದ್ದಳು. ಶೂ ಹಾಕಿಕೊಂಡಿದ್ದಳು. ಲೇಸು ಬಿಗಿಯಾಗಿ ಕಟ್ಟಿತ್ತು. ಇಳಾಗೆ ಲೇಸು ಕಟ್ಟಲು ಬರುತ್ತಿರಲಿಲ್ಲ.

"ಯಾರು ಪುಟ್ಟಾ ಕಟ್ಟಿದ್ದು?"

"ಟಾಂಟ್." ಅವಳ ಶಿಶುವಿಹಾರದಲ್ಲಿ ಮಕ್ಕಳು ವಯಸ್ಸಾದ ಹೆಂಗಸರಿಗೆ ಹಾಗೆನ್ನುತ್ತಾರೆ. "ನೀರ್ ಹತ್ರ ಹೋಗ್ಬೇಡ, ಇಲ್ಲೇ ಕೂತ್ಕೋ ಅಂದ್ರು."

"ಎಲ್ಲಿಂದ ಬಂದ್ರು?"

"ಒಳಗೇ ಇದ್ರಲ್ಲಮ್ಮಾ! ನಿನ್ ಪಕ್ಕಾನೇ ನಿಂತಿದ್ರು. ನೀನು ಮೇಲೆ ನೋಡ್ತಿದ್ದೆ."

ಸುತ್ತಲೂ ಬಯಲು. ಯಾರೂ ನಡೆದು ಹೋಗುತ್ತಿರಲಿಲ್ಲ. ಇಳಾಳನ್ನು ಅವಳಪ್ಪನ ಕೈಗೆ ಕೊಟ್ಟು ನಾನು ಮತ್ತೆ ಆ ಬಾಗಿಲಿಗೆ ಹೋದೆ. ಮೆಲ್ಲಗೆ ತಳ್ಳಿದೆ, ಇನ್ನೂ ಮೆಲ್ಲಗೆ ತಳ್ಳಿದೆ. ಪ್ರತಿ ಸಲವೂ ನರಳಿತು.

ಯಾರೋ ಊರಿನವರು ಬಂದಿರಬೇಕು, ಚಿತ್ರ ನೋಡುವ ಗುಂಗಿನಲ್ಲಿ ನಮಗೆ ಕೇಳಿಸಿಲ್ಲ ಎನ್ನುತ್ತಾನೆ ಸುಧೀಂದ್ರ. ಇರಬಹುದು. ಆದರೆ ಹಾಗೆಂದವನೇ ಅವತ್ತು ಮನೆಯಲ್ಲಿ ಲೇಸು ಬಿಚ್ಚದೆ, ಮಗುವಿನ ಕಾಲಿನಿಂದ ಶೂ ಎಳೆದು ತೆಗೆದ. ನಾನೂ ಗಂಟು ಹಾಗೇ ಇರುವಂತೆ ಅದನ್ನು ಗೂಡಿಗಿಟ್ಟೆ.

ಇಳಾ ಈಗ ಎಲ್ಲ ಮರೆತಿದ್ದಾಳೆ. ಅವಳಿಗೆ ಸಣ್ಣದಾದ ಬಟ್ಟೆಬರೆಯೆಲ್ಲ ಯಾರ್ಯಾರಿಗೋ ಕೊಟ್ಟಾಯಿತು, ಆ ಶೂ ಮಾತ್ರ ಗೂಡಿನಲ್ಲೇ ಇದೆ. ಬಿಚ್ಚಿ ನೋಡಿದರೆ ಹೇಗೆ ಕಟ್ಟಿದ್ದೆಂದಾದರೂ ತಿಳಿದೀತು. ನನ್ನ ಕಸುಬಿನವರು ಮಾಡಬೇಕಾದದ್ದೇ ಅದು. ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಗಂಟಿಗೆ ಬೆರಳು ಹಾಕುವ ಮೊದಲು, ಯಾಕೋ, ಪಕ್ಕಕ್ಕೆ ತಿರುಗಿ ನೋಡುತ್ತೇನೆ. ಮತ್ತೆ ಅಲ್ಲೇ ಇಟ್ಟುಬಿಡುತ್ತೇನೆ.