ಎಡೆಯ ಪಕ್ಕದಲ್ಲಿ ಮೇಸ್ತ್ರಿ

ಸಂಜೆ ಶಿವಮೊಗ್ಗದಿಂದ ಬಂದು, ಭದ್ರಾವತಿಯಲ್ಲಿ ಬಸ್ಸಿಳಿದು, ಮನೆಯ ಗೇಟು ತೆಗೆಯುವಾಗ ಈಗಲೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಒಳಗಿನಿಂದ ಒಂದು ಪ್ರಶ್ನೆ ಬರಬೇಕು. “ಮೇಸ್ತ್ರಿ ಬಂದನೇನೇ ಮಾರಾಯ್ತಿ?” ಅಪ್ಪ ತೀರಿಕೊಳ್ಳುವ ಮುಂಚಿನ ಕೆಲವು ತಿಂಗಳು ದಿನವೂ ಕೇಳುತ್ತಿದ್ದ ಪ್ರಶ್ನೆ ಅದು. ಮೇಸ್ತ್ರಿ ಎಂದರೆ ಮನೆ ಕಟ್ಟುವವನಲ್ಲ. ಕಂಪ್ಯೂಟರಿನ ಒಂದು ಆಟದೊಳಗೆ ಓಡಾಡುತ್ತಿದ್ದ, ಹೆಬ್ಬೆರಳಿನಷ್ಟು ಎತ್ತರದ ಒಂದು ಚಿತ್ರ.

ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂದಾಗ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡ. ಕ್ವಾರ್ಟರ್ಸ್ ಬಿಟ್ಟು ನಾವು ಮೂವರೂ ಬಾಡಿಗೆ ಮನೆಗೆ ಬಂದೆವು. ಜೊತೆಗೆ ದುಡಿದವರು ಒಬ್ಬೊಬ್ಬರಾಗಿ ತಮಿಳುನಾಡಿಗೋ ಆಂಧ್ರಕ್ಕೋ ತಮ್ಮ ತಮ್ಮ ಊರು ಹಿಡಿದು ಹೋದರು. ದೂರದಲ್ಲಿ ಕಾರ್ಖಾನೆಯ ಸೈರನ್ ಕೂಗಿದರೆ ಅಪ್ಪ ಗಡಿಯಾರ ನೋಡುತ್ತಿದ್ದ. ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ನಾನು ಶಿವಮೊಗ್ಗದ ಒಂದು ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ತಿಥಿ ಕಾರ್ಡು ಟೈಪ್ ಮಾಡುತ್ತಿದ್ದೆ. ಮನೆಯಲ್ಲೂ ಸ್ವಲ್ಪ ಕೆಲಸ ಮಾಡಬಹುದೆಂದು ಒಂದು ಹಳೆಯ ಕಂಪ್ಯೂಟರ್ ತಂದಿಟ್ಟೆ. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸಿಡಿಯಲ್ಲಿ ಈ ಆಟ ಇತ್ತು. ನೆಲದಡಿಯ ಗಣಿ. ಹಳದಿ ಹೆಲ್ಮೆಟ್ ಹಾಕಿದ ಪುಟ್ಟ ಮನುಷ್ಯನೊಬ್ಬ ಏಣಿ ಹತ್ತಬೇಕು, ಗುಂಡಿ ಹಾರಬೇಕು, ಬುಟ್ಟಿ ತುಂಬ ಅದಿರು ಹೊತ್ತು ಮೇಲೆ ಬರಬೇಕು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅಪ್ಪ ಒಂದು ಮಧ್ಯಾಹ್ನ ಸುಮ್ಮನೆ ಅದರ ಮುಂದೆ ಕುಳಿತವನು ಕತ್ತಲಾಗುವವರೆಗೂ ಏಳಲಿಲ್ಲ.

ಅವನಿಗೆ ಬಹಳ ಹಿಡಿಸಿದ್ದು ಒಂದು ಸಣ್ಣ ವಿಷಯ. ಯಾರೂ ಕೀ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ, ಆ ಪುಟ್ಟ ಮನುಷ್ಯ ಇದ್ದಲ್ಲೇ ನೆಲದ ಮೇಲೆ ಕುಳಿತು, ಹೆಲ್ಮೆಟ್ ತೆಗೆದು ಮಂಡಿಯ ಮೇಲೆ ಇಟ್ಟುಕೊಳ್ಳುತ್ತಿದ್ದ. “ಶಿಫ್ಟ್ ಮುಗೀತು ನೋಡು ಇವಂದು,” ಎಂದು ಅಪ್ಪ ನಗುತ್ತಿದ್ದ. ಅವನನ್ನು ಹಾಗೆ ಕೂರಿಸಿಯೇ ಕಾಫಿಗೆ ಏಳುತ್ತಿದ್ದ. ಮೇಸ್ತ್ರಿ ಎಂಬ ಹೆಸರಿಟ್ಟದ್ದೂ ಅವನೇ.

ಅಮ್ಮನಿಗೆ ರೇಗುತ್ತಿತ್ತು. “ಅರವತ್ತು ಹತ್ರ ಬಂತು, ಗೋಲಿ ಆಡೋ ಹುಡುಗ್ರ ಥರ ಕೂತಿದೀರಲ್ರೀ. ನಲ್ಲೀಲಿ ನೀರು ಬಂದಿದೆ, ಏಳಿ.”

“ಇರೇ, ಮೇಸ್ತ್ರಿ ಏಣಿ ಮೇಲಿದಾನೆ. ಬಿದ್ರೆ ನೀನು ನೋಡ್ಕೋತೀಯಾ?”

“ಬೀಳ್ಲಿ. ಸತ್ರೂ ಮತ್ತೆ ಎದ್ದು ಬರ್ತಾನಲ್ಲ ನಿಮ್ ಮೇಸ್ತ್ರಿ. ನೀರು ಹೋದ್ರೆ ಬರುತ್ತಾ?”

ಒಂದು ದಿನ ವೋಲ್ಟೇಜ್ ಏರಿ ಆ ಕಂಪ್ಯೂಟರ್ ಸುಟ್ಟುಹೋಯಿತು. ಕಳ್ಳ ಪ್ರತಿಯ ವಿಂಡೋಸ್ ಇಟ್ಟುಕೊಂಡವರ ಅಂಗಡಿಗೆ ದಾಳಿ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದ ಕಾಲ ಅದು. ನಮ್ಮ ಮಾಲೀಕರು ಹೆದರಿ ಒಂದೆರಡು ಯಂತ್ರಗಳಿಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದ್ದರು. ಅಂಥದೊಂದನ್ನು ನನಗೆ ಬಳಸಲು ಕೊಟ್ಟರು. “ಇದಕ್ಕೆ ಮತ್ತೆ ವಿಂಡೋಸ್ ಹಾಕ್ಬೇಡಮ್ಮ,” ಎಂದು ಹೇಳಿಯೇ ಕೊಟ್ಟರು. ಅದರಲ್ಲಿ ಟೈಪ್ ಮಾಡಬಹುದಿತ್ತು, ಹಾಡು ಕೇಳಬಹುದಿತ್ತು. ಆಟವನ್ನು ಮಾತ್ರ ಅದನ್ನು ಮಾಡಿದವರು ವಿಂಡೋಸಿಗೆಂದೇ ಮಾಡಿದ್ದರು. ಸಿಡಿ ಹಾಕಿ ಎಷ್ಟು ಕ್ಲಿಕ್ ಮಾಡಿದರೂ ಏನೂ ಆಗುತ್ತಿರಲಿಲ್ಲ.

ವೈನ್ ಎಂಬ ಒಂದು ಪ್ರೋಗ್ರಾಂ ಇದೆ, ಅದು ಲಿನಕ್ಸಿನಲ್ಲಿ ವಿಂಡೋಸಿನ ಆಟಗಳನ್ನು ನಡೆಸುತ್ತದೆ ಎಂದು ಸೆಂಟರಿನಲ್ಲಿ ಯಾರೋ ಹೇಳಿದರು. ಅದು ಆಟಕ್ಕೂ ಯಂತ್ರಕ್ಕೂ ನಡುವೆ ಕುಳಿತು, ಆಟ ಕೇಳಿದ್ದಕ್ಕೆಲ್ಲ ವಿಂಡೋಸಿನ ಹಾಗೆ ಉತ್ತರ ಕೊಡುತ್ತದೆ ಎಂದು ಅಪ್ಪನಿಗೆ ವಿವರಿಸಿದೆ.

“ಅಂದ್ರೆ ಸುಳ್ಳು ಹೇಳಿ ಮೇಸ್ತ್ರೀನ ಬೇರೆ ಊರಿಗೆ ಕರ್ಕೊಂಡು ಬರೋದು.”

“ಹೂಂ, ಹಾಗೇ.”

“ಪಾಪ ಕಣೇ. ಗೊತ್ತಾದ್ರೆ ಬೇಜಾರು ಮಾಡ್ಕೋತಾನೆ.”

ಆಮೇಲೆ ದಿನವೂ ಗೇಟಿನಲ್ಲಿ ಆ ಪ್ರಶ್ನೆ. ನಾನು ಪಿಯುಸಿಯ ನಂತರ ಟೈಪಿಂಗ್ ಕಲಿತವಳು, ಕಂಪ್ಯೂಟರಿನ ಒಳಗುಟ್ಟು ಗೊತ್ತಿದ್ದವಳಲ್ಲ. ಅವರಿವರನ್ನು ಕೇಳಿಕೊಂಡು ಒಂದೊಂದೇ ಬದಲಿಸಿ ನೋಡುತ್ತಿದ್ದೆ. ಬಹಳ ವಾರ ಹೆಣಗಿದ ಮೇಲೆ ಒಂದು ಭಾನುವಾರ ಶಬ್ದ ಬಂತು. ಚಿತ್ರ ಬರಲಿಲ್ಲ. ಪರದೆ ಪೂರ್ತಿ ಕಪ್ಪು. ಬಾಣದ ಕೀ ಒತ್ತಿದರೆ ಆ ಕಪ್ಪಿನ ಹಿಂದೆ ಎಲ್ಲೋ ಮೇಸ್ತ್ರಿಯ ಬೂಟು ಟಕ್ ಟಕ್ ಎನ್ನುತ್ತಿತ್ತು.

ಅಪ್ಪ ಕುರ್ಚಿ ಎಳೆದುಕೊಂಡು ಬಂದು ಪರದೆಗೆ ಕಿವಿ ಕೊಟ್ಟ. “ಒಳಗೇ ಇದಾನೆ ಕಣೇ! ಬಾಗ್ಲು ತೆಗೀತಿಲ್ಲ, ಅಷ್ಟೇ.”

ಶಬ್ದ ಕೇಳಿಕೊಂಡೇ ಆಡುತ್ತೇನೆಂದು ಹೊರಟ. ಟಕ್ ಟಕ್ ಟಕ್, ಆಮೇಲೆ ದಬ್. ಗುಂಡಿಗೆ ಬಿದ್ದಾಯಿತು. ಮತ್ತೆ ಟಕ್ ಟಕ್, ಮತ್ತೆ ದಬ್. ಒಂದು ಏಣಿಯೂ ಸಿಗಲಿಲ್ಲ. ಕೆಮ್ಮು ಬರುವವರೆಗೂ ನಕ್ಕ. ಹಾಗೆ ಅವನು ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ.

ಆ ವಾರವೇ ಒಂದು ಬೆಳಗ್ಗೆ, ನಾನು ಸೆಂಟರ್ ತಲುಪುವ ಮೊದಲೇ ಅಲ್ಲಿಗೆ ಫೋನ್ ಬಂದಿತ್ತು. ಅಪ್ಪ ಕಾಫಿ ಲೋಟ ಕೆಳಗಿಟ್ಟು ಹಾಗೇ ಗೋಡೆಗೆ ಒರಗಿದನಂತೆ. ಬಂದ ಬಸ್ಸಿಗೇ ವಾಪಸು ಹತ್ತಿದೆ. ದಾರಿಯಲ್ಲಿ ಮಲವಗೊಪ್ಪದಲ್ಲಿ ಜನ ಇಳಿದರು, ಹತ್ತಿದರು. ಕಂಡಕ್ಟರ್, “ಏನಕ್ಕ, ಈಗಿನ್ನೂ ಹೋದ್ರಲ್ಲ?” ಎಂದ. ನಾನು ಭದ್ರಾವತಿಗೆ ಟಿಕೆಟ್ ತೆಗೆದುಕೊಂಡೆ.

ಅಪ್ಪನ ತಿಥಿ ಕಾರ್ಡನ್ನು ನಾನೇ ಟೈಪ್ ಮಾಡಿದೆ. ಬೇರೆಯವರ ಕಾರ್ಡು ಮಾಡುವಾಗ ಹೆಸರು, ದಿನ ಬದಲಿಸಿ ಉಳಿದದ್ದನ್ನು ಹಾಗೇ ಬಿಡುತ್ತಿದ್ದೆ. ಅಪ್ಪನದಕ್ಕೂ ಹಾಗೇ ಮಾಡಿದೆ.

ಕುಂಸಿಯಿಂದ ಅಪ್ಪನ ಅಕ್ಕ ಬಂದಿದ್ದರು. ನಮ್ಮಲ್ಲಿ ತಿಥಿಯ ದಿನ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಅವರ ಫೋಟೋದ ಮುಂದೆ ಎಲೆಯಲ್ಲಿ ಎಡೆ ಇಡುತ್ತೇವೆ. ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಕಾಯುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತೆಗೆದು, ಎಡೆಯಲ್ಲಿದ್ದದ್ದನ್ನು ಮನೆಯವರು ಉಳಿಸದೆ ಹಂಚಿಕೊಳ್ಳಬೇಕು.

“ನನ್ ತಮ್ಮಂಗೆ ಏನೇನು ಇಷ್ಟ ಇತ್ತು ಹೇಳ್ರೇ. ಒಂದೂ ಬಿಡಬಾರ್ದು,” ಎಂದರು ಅತ್ತೆ.

ಅಮ್ಮ ಒಂದೊಂದೇ ಹೇಳಿದಳು. ಒತ್ತುಶಾವಿಗೆ, ಕಾಯಿಹಾಲು, ಹಲಸಿನ ಹಪ್ಪಳ, ಎಲೆ ಅಡಿಕೆ. ನಶ್ಯದ ಡಬ್ಬಿಯನ್ನು ಅತ್ತೆ ನೆನಪಿಸಿದರು. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, “ಮೇಸ್ತ್ರಿ,” ಎಂದಳು.

“ಯಾವ ಮೇಸ್ತ್ರಿನೇ? ಊಟಕ್ಕೆ ಕರೀಬೇಕಾ?”

ಅಮ್ಮ ಅತ್ತೆಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು. “ಮುಖ ಕಾಣೋ ಹಾಗೆ ಮಾಡಕ್ಕಾಗುತ್ತೇನೇ?”

“ನೋಡ್ತೀನಿ,” ಎಂದೆ. ತಿಥಿಗೆ ಇನ್ನು ಕೆಲವೇ ದಿನ ಇತ್ತು.

ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರತಿ ಸಾಲನ್ನೂ ಎರಡೆರಡು ಸಲ ಓದಬೇಕಿತ್ತು. ಇಂಥ ತೊಂದರೆ ಇರುವವರು ಪ್ರಶ್ನೆ ಬರೆದಿಡುವ ಒಂದು ಪುಟದಲ್ಲಿ, ಯಾವುದೋ ದೇಶದವನೊಬ್ಬ ಇದೇ ಆಟದ ಹೆಸರು ಹಾಕಿ ಬರೆದಿದ್ದ. ಶಬ್ದ ಬರುತ್ತಿದೆ, ಚಿತ್ರ ಇಲ್ಲ, ಯಾರಾದರೂ ಇದ್ದೀರಾ? ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಬರೆದು ಒಂದು ವರ್ಷದ ಮೇಲಾಗಿತ್ತು. ಆ ಖಾಲಿ ಜಾಗವನ್ನು ನೋಡುತ್ತ ನಾನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕುಳಿತೆ. ತಿಥಿಯೆಲ್ಲ ಮುಗಿದ ಮೇಲೆ ಮತ್ತೆ ಅಲ್ಲಿಗೆ ಹೋಗಿ, ನನಗೆ ಬಂದ ಇಂಗ್ಲಿಷಿನಲ್ಲಿ ಅವನಿಗೆ ಉತ್ತರ ಬರೆದೆ. ಅವನು ಅದನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ.

ದಾರಿ ಸಿಕ್ಕಿದ್ದು ಬೇರೆ ಯಾವುದೋ ಆಟದ ಬಗ್ಗೆ ಬರೆದ ಪುಟದಲ್ಲಿ. ಹಳೆಯ ಆಟಗಳಿಗೆ ಕೆಲವು ನೂರು ಬಣ್ಣ ಮಾತ್ರ ಗೊತ್ತು. ಲಕ್ಷಗಟ್ಟಲೆ ಬಣ್ಣ ತೋರಿಸುವ ಪರದೆಯ ಮುಂದೆ ಅವು ದಿಕ್ಕು ತೋಚದೆ ಕಪ್ಪಾಗಿಬಿಡುತ್ತವೆ. ಪರದೆಯ ಬಣ್ಣಗಳನ್ನು ಕಡಿಮೆ ಮಾಡಿ ನೋಡಿ ಎಂದಿತ್ತು.

ಮರುದಿನ ಮಧ್ಯಾಹ್ನ ಹಾಗೇ ಮಾಡಿದೆ. ಪರದೆ ಒಮ್ಮೆ ಆರಿ ಹತ್ತಿತು. ಮೇಸ್ತ್ರಿ ನಿಂತಿದ್ದ. ಬಣ್ಣಗಳು ಮಾತ್ರ ಅದಲುಬದಲಾಗಿದ್ದವು. ಗಣಿಯ ಮಣ್ಣು ನೇರಳೆ, ಹೆಲ್ಮೆಟ್ ಹಸಿರು, ಅವನ ಮುಖ ಕೈ ಎಲ್ಲ ನೀಲಿ. ಏನು ಮಾಡಿದರೂ ಅದು ಸರಿಹೋಗಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನನ್ನ ಹಿಂದೆ ನಿಂತಳು. ಅಲ್ಲಿ ಮಾತಾಡಬೇಕಾಗಿದ್ದವನು ಅಪ್ಪ.

ತಿಥಿಯ ದಿನ ಎರಡು ಗಂಟೆಗೆ ಕರೆಂಟ್ ತೆಗೆಯುವವರಿದ್ದರು. ಹಾಗಾಗಿ ಅಡುಗೆ ಬೇಗ ಮುಗಿಸಿ ಎಡೆ ಇಟ್ಟೆವು. ಕಂಪ್ಯೂಟರ್ ಇದ್ದ ಕೋಣೆಯಲ್ಲೇ ಅಪ್ಪನ ಫೋಟೋ ಇಟ್ಟಿದ್ದೆವು. ನಾನು ಆಟ ಹಾಕಿದೆ.

ಅತ್ತೆ ಬಗ್ಗಿ ನೋಡಿದರು. “ನೀಲಿ ಮೈ! ಇದ್ಯಾವ ದೇವ್ರೇ ನಿಮ್ಮನೇಲಿ?”

“ದೇವ್ರಲ್ಲ ಅತ್ತಿಗೆ. ಅವ್ರ ಮೇಸ್ತ್ರಿ.”

“ಕಂಪ್ಯೂಟರ್ ಎಡೆ ಇಟ್ಟೋರನ್ನ ನಾನಂತೂ ಕಂಡಿಲ್ಲ ಮಾರಾಯ್ತಿ.”

“ನಶ್ಯ ಇಡಬಹುದು, ಇದು ಇಡಬಾರ್ದಾ?” ಎಂದಳು ಅಮ್ಮ.

ಅತ್ತೆ ತಾವೇ ಎಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೀಬೋರ್ಡಿಗೆ ಜಾಗ ಮಾಡಿದರು.

ಬಾಗಿಲು ಮುಚ್ಚಿ ಹೊರಗೆ ನಿಂತೆವು. ಒಳಗೆ ಕಂಪ್ಯೂಟರಿನ ಫ್ಯಾನಿನ ಸದ್ದು ಮಾತ್ರ. ನಾನು ಬೂಟಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದೇನೆಂದು ನನಗೆ ತಿಳಿದದ್ದು, ಅದು ಬರದೇ ಇದ್ದಾಗ. ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ನಿಂತಿದ್ದೆ. ಪಕ್ಕದಲ್ಲಿ ಅಮ್ಮನೂ ತಲೆ ಒಂದಿಷ್ಟು ಓರೆ ಮಾಡಿ ಹಾಗೇ ನಿಂತಿದ್ದಳು.

ಅತ್ತೆ ಬಾಗಿಲು ತಟ್ಟಿ, “ಊಟ ಆಯ್ತೇನಪ್ಪಾ?” ಎಂದು ಕೇಳಿ, ನಿಧಾನವಾಗಿ ತೆಗೆದರು.

ಎಲೆಯ ಮೇಲಿನದೆಲ್ಲ ಇಟ್ಟ ಹಾಗೇ ಇತ್ತು. ಪರದೆಯಲ್ಲಿ ಮೇಸ್ತ್ರಿ ನೆಲದ ಮೇಲೆ ಕುಳಿತು ಹೆಲ್ಮೆಟ್ಟನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದ.

“ಕಾದು ಕೂತಿದಾನೆ,” ಎಂದಳು ಅಮ್ಮ.

ಅತ್ತೆ ಶಾವಿಗೆ ಹಂಚಿದರು, ಹಪ್ಪಳ ಮುರಿದು ಕೊಟ್ಟರು. ನಶ್ಯವನ್ನೂ ಉಳಿಸಬಾರದೆಂದು ಒಂದು ಚಿಟಿಕೆ ಏರಿಸಿ ಜೋರಾಗಿ ಸೀನಿದರು, ಕಣ್ಣು ಒರೆಸಿಕೊಂಡರು. ಅಮ್ಮ ಕೈ ತೊಳೆದುಕೊಂಡು ಬಂದು ಅಪ್ಪನ ಕುರ್ಚಿಯಲ್ಲಿ ಕುಳಿತಳು. “ಇದನ್ನೂ ಉಳಿಸ್ಬಾರ್ದಲ್ವಾ ಅತ್ತಿಗೆ,” ಎಂದವಳು ನನ್ನನ್ನು ಕೇಳಿದಳು, “ಯಾವ್ದು ಒತ್ತಬೇಕೇ?”

ಬಾಣದ ಕೀ ತೋರಿಸಿದೆ. ಒಂದೇ ಬೆರಳಿನಲ್ಲಿ ಒತ್ತಿದಳು. ಮೇಸ್ತ್ರಿ ಎದ್ದು ಹೆಲ್ಮೆಟ್ ಹಾಕಿಕೊಂಡ. ಟಕ್ ಟಕ್ ಟಕ್, ಆಮೇಲೆ ದಬ್.

“ಅಯ್ಯೋ,” ಎಂದು ಅಮ್ಮ ಕೈ ಹಿಂದೆಳೆದುಕೊಂಡಳು. ಅವನು ಏಣಿಯ ಬುಡದಲ್ಲಿ ಮತ್ತೆ ಎದ್ದು ನಿಂತಿದ್ದ. ಅಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮತ್ತೆ ಒತ್ತಿದಳು. ಅವಳು ಒಂದು ಏಣಿ ಹತ್ತಿ ಮುಗಿಸುವಷ್ಟರಲ್ಲಿ ಕರೆಂಟ್ ಹೋಯಿತು.

ಬೆರಳು ಕೀಯ ಮೇಲೇ ಇತ್ತು. ಕಪ್ಪು ಪರದೆಯ ಕಡೆ ನೋಡುತ್ತಲೇ ಅಮ್ಮ ಕೇಳಿದಳು, “ನಾಳೆ ಬರ್ತಾನೇನೇ?”

“ಬರ್ತಾನೆ ಅಮ್ಮ,” ಎಂದೆ.