ನಾಲ್ಕು ತಾಲೂಕಿನ ಹೊಟ್ಟೆ

ನನ್ನ ಅಂಗಿಯಲ್ಲಿ ಮೇಲಿನಿಂದ ನಾಲ್ಕನೆಯದಾಗಿ ಬರುವ ಗುಂಡಿಯೊಂದಿದೆ. ಉಳಿದ ಗುಂಡಿಗಳೆಲ್ಲ ಅಂಗಿಯ ಎರಡು ಅಂಚುಗಳನ್ನು ಕೂಡಿಸುವ ತಮ್ಮ ಸಣ್ಣ ಸಂಸಾರವನ್ನು ನೋಡಿಕೊಂಡು ಸುಖವಾಗಿದ್ದರೆ, ಇದೊಂದು ಮಾತ್ರ ತುಂಬಿದ ಅಣೆಕಟ್ಟಿನ ಗೇಟಿನ ಹಾಗೆ ಹಗಲಿಡೀ ಉಸಿರು ಬಿಗಿಹಿಡಿದು ನಿಂತಿರುತ್ತದೆ. ಆಗೊಮ್ಮೆ ಈಗೊಮ್ಮೆ ಸೋತು ಹಾರಿಹೋಗುತ್ತದೆ. ಒಂದು ಸಲ ಮೀಟಿಂಗಿನ ನಡುವೆ ಹಾರಿ ಮೇಲಧಿಕಾರಿಯ ಚಹಾದ ಕಪ್ಪಿನಲ್ಲೇ ಬಿತ್ತು. ಆ ದಿನ ಸಂಜೆ ನಮ್ಮ ಮನೆಯಾಕೆ ಸೂಜಿಗೆ ದಾರ ಪೋಣಿಸುತ್ತ, "ಇನ್ನೊಮ್ಮೆ ಕಿತ್ತರ ದಬ್ಬಣ ತಗೊಂಡು ಚೀಲಾ ಹೊಲಿಯೋ ಹುರಿಲೇ ಹೊಲಿತೇನಿ ನೋಡ್ರಿ. ಅಂಗಿ ಹರಿದ್ರ ಹರೀಲಿ, ಗುಂಡಿ ಅಂತೂ ಜಿಗಿಯಂಗಿಲ್ಲ" ಎಂದು ಸಾರಿದಳು.

ಈ ಹೊಟ್ಟೆ ನಾನೊಬ್ಬನೇ ಬೆಳೆಸಿದ್ದಲ್ಲ ಎಂಬುದನ್ನು ಮೊದಲೇ ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ದನದ ಡಾಕ್ಟರ್. ನೌಕರಿ ಸೇರಿ ಇಂಡಿ ತಾಲೂಕಿನ ಹೊರ್ತಿಗೆ ಬಂದಾಗ ಬಿದಿರುಕೋಲಿಗೆ ಪ್ಯಾಂಟು ತೊಡಿಸಿದಂತೆ ಕಾಣುತ್ತಿದ್ದೆ. ಆದರೆ ನಮ್ಮ ಕಡೆ ದನ ನೋಡಲು ಬಂದವನನ್ನು ಉಣ್ಣಿಸದೆ ಕಳಿಸಿದರೆ ದನದ ರೋಗ ಅರ್ಧಕ್ಕೇ ನಿಲ್ಲುತ್ತದೆಂಬ ನಂಬಿಕೆಯಿದೆಯೋ ಏನೋ. ಹೊರ್ತಿಯವರು ಗಟ್ಟಿ ಮೊಸರು, ಶೇಂಗಾಹಿಂಡಿ ಚಟ್ನಿಯಿಂದ ತಳಪಾಯ ಹಾಕಿದರು. ಝಳಕಿಯ ಹೆದ್ದಾರಿ ಬದಿಯ ಮಿರ್ಚಿ ಭಜಿ ಗೋಡೆ ಎಬ್ಬಿಸಿತು. ವರ್ಗವಾಗಿ ಮುದ್ದೇಬಿಹಾಳಕ್ಕೆ ಹೋದರೆ ಶೇಂಗಾಹೋಳಿಗೆ ಕಾದು ಕುಳಿತಿತ್ತು. ಬಸವನ ಬಾಗೇವಾಡಿಯಲ್ಲಿ ತುಪ್ಪ ಹಾಲು ಸುರಿದ ಮಾದಲಿ, ಗೋಧಿಹುಗ್ಗಿ ಸೇರಿ ಚಾವಣಿ ಮುಚ್ಚಿದವು. ಕೊನೆಗೆ ಸಿಂದಗಿಯ ಊಟ ಸುಣ್ಣಬಣ್ಣ ಬಳಿಯುವ ಹೊತ್ತಿಗೆ ಕಟ್ಟಡ ಪೂರ್ಣಗೊಂಡು ಗೃಹಪ್ರವೇಶಕ್ಕೆ ಸಿದ್ಧವಾಗಿತ್ತು. ಹೀಗೆ ನಾಲ್ಕು ತಾಲೂಕುಗಳ ಪ್ರೀತಿ ಒಂದೇ ಕಡೆ ಗಡಿ ತಂಟೆಯಿಲ್ಲದೆ ಕೂಡಿಬಾಳುವ ಸ್ಥಳ ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ನಾನು ಹೊಟ್ಟೆ ಸವರಿಕೊಂಡು ಹೇಳಬಲ್ಲೆ.

ನೋಡಲು ಚೆಂದವಿಲ್ಲ ಎಂಬ ಕಾರಣಕ್ಕೆ ನಾನು ಅದರ ಮೇಲೆ ಯುದ್ಧ ಸಾರಲಿಲ್ಲ. ಚೆಂದದ ಆಸೆ ನನಗೆ ಎಂದೋ ತೀರಿತ್ತು. ನನ್ನ ಕಸುಬಿಗೇ ಅದು ಅಡ್ಡ ಬಂತು. ಎಮ್ಮೆಯೋ ಆಕಳೋ ಈಯಲಾರದೆ ಒದ್ದಾಡುವಾಗ, ಅದರ ಹಿಂದೆ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಭುಜದವರೆಗೆ ಕೈ ಒಳಗೆ ಹಾಕಿ, ಕರುವಿನ ಮಡಚಿದ ಕಾಲನ್ನೋ ತಿರುಗಿದ ತಲೆಯನ್ನೋ ನೇರ ಮಾಡಬೇಕು. ಹೊರಗೆ ಹಗ್ಗ ಎಳೆಯಲು ನಾಲ್ಕು ಮಂದಿ ಸಿಗುತ್ತಾರೆ, ಒಳಗಿನ ಕೈ ಮಾತ್ರ ಒಂದೇ, ಅದು ನನ್ನದೇ. ಇತ್ತೀಚೆಗೆ ಎಮ್ಮೆಯ ಹೊಟ್ಟೆಗೂ ನನ್ನ ಕೈಗೂ ನಡುವೆ ನನ್ನದೇ ಹೊಟ್ಟೆ ಬಂದು ಕೂಡತೊಡಗಿತು. ಎರಡು ಬೆರಳು ಮುಂದೆ ಹೋದರೆ ಸಿಗುವ ಕರುವಿನ ಮೂತಿ ಸಿಗದೆ ಉಳಿಯುತ್ತಿತ್ತು. ತೋಳಿನ ಕಸುವೂ ವಯಸ್ಸಿನೊಂದಿಗೆ ಸದ್ದಿಲ್ಲದೆ ರಾಜಿ ಮಾಡಿಕೊಳ್ಳುತ್ತಿತ್ತು. ಕೊಬ್ಬು ಇಳಿಯಬೇಕು, ತಾಕತ್ತು ಏರಬೇಕು. ಈ ಎರಡು ವರಗಳನ್ನು ಒಟ್ಟಿಗೆ ಬೇಡಿಕೊಂಡು ಸಿಂದಗಿಯ ಗೊಬ್ಬರದಂಗಡಿಯ ಮಾಳಿಗೆಯ ಮೇಲಿದ್ದ ಜಿಮ್ಮಿನ ಮೆಟ್ಟಿಲು ಹತ್ತಿದೆ.

ಅಲ್ಲಿ ಕಲಿಸುವವನು ಪ್ರವೀಣನೆಂಬ ತರುಣ. ಮೊದಲ ದಿನವೇ ನನ್ನನ್ನು ಸುತ್ತು ಹಾಕಿ ನೋಡಿ, "ಸರ, ಊಟ ಸ್ವಲ್ಪ ಅಷ್ಟ ಕಡಿಮಿ ಮಾಡ್ರಿ. ಹೋಳಿಗಿ, ಭಜಿ ಬಿಡ್ರಿ. ರೊಟ್ಟಿ ಬಿಡಬ್ಯಾಡ್ರಿ. ಮಡಕಿಕಾಳು, ಬ್ಯಾಳಿ, ಮೊಸರು ಜಾಸ್ತಿ ತಿನ್ರಿ. ಇಲ್ಲಿ ಬರೂ ಮುಂದ ಬರೇ ಹೊಟ್ಟೀಲೆ ಬರಬ್ಯಾಡ್ರಿ" ಎಂದ. ಇಷ್ಟು ಸರಳವಾದ ಮಾತನ್ನು ಪಾಲಿಸಿಬಿಟ್ಟರೆ ನಾನು ಓದಿದ್ದಕ್ಕೆ ಏನು ಬೆಲೆ? ಸ್ವಲ್ಪ ಕಡಿಮೆ ಮಾಡಿದರೆ ಸ್ವಲ್ಪ ಇಳಿಯುವುದಾದರೆ ಪೂರಾ ಕಡಿಮೆ ಮಾಡಿದರೆ ಪೂರಾ ಇಳಿಯಲೇಬೇಕಲ್ಲ ಎಂದು ನಾನು ಒಳಗೊಳಗೇ ತರ್ಕ ಹೂಡಿದೆ. ಮುಂಜಾನೆ ಸವತೆಕಾಯಿ, ಮಧ್ಯಾಹ್ನ ಬೇಕಾದರೆ ಇನ್ನೊಂದು ಸವತೆಕಾಯಿ, ಸಂಜೆ ಎರಡನ್ನೂ ನೆನೆಸಿಕೊಂಡು ಒಂದು ಲೋಟ ಮಜ್ಜಿಗೆ.

ಮಜವೆಂದರೆ, ಅದೇ ದಿನಗಳಲ್ಲಿ ನಾನು ಊರೂರಿನ ದನಗಳ ಶಿಬಿರದಲ್ಲಿ ಮೈಕು ಹಿಡಿದು ಭಾಷಣ ಮಾಡುತ್ತಿದ್ದೆ. ಉಳುಮೆಯ ದಿನಗಳಲ್ಲಿ ಎತ್ತಿನ ಮೇವು ಕಡಿಮೆ ಮಾಡಬೇಡಿ. ದುಡಿತಕ್ಕೆ ತಕ್ಕಷ್ಟು ಹಾಕದೆ ನೊಗಕ್ಕೆ ಹೂಡಿದರೆ ಅದು ಕೊಬ್ಬನ್ನಷ್ಟೇ ಅಲ್ಲ, ತೊಡೆಯ ಮಾಂಸಖಂಡವನ್ನೂ ಕರಗಿಸಿಕೊಂಡು ಒಂದು ದಿನ ಹೊಲದಲ್ಲೇ ಮಂಡಿಯೂರುತ್ತದೆ ಎಂದು ನಾನು ಕಳಕಳಿಯಿಂದ ಹೇಳುತ್ತಿದ್ದರೆ ರೈತರು ತಲೆದೂಗುತ್ತಿದ್ದರು. ವೇದಿಕೆ ಇಳಿದು ಬ್ಯಾಗಿನಿಂದ ಸವತೆಕಾಯಿ ತೆಗೆದು ಕಚ್ಚುತ್ತಿದ್ದೆ. ಎತ್ತಿನ ವಿಷಯದಲ್ಲಿ ನನಗಿದ್ದ ವಿವೇಕ ನನ್ನ ವಿಷಯಕ್ಕೆ ಬಂದಾಗ ರಜೆಯ ಮೇಲೆ ಹೋಗಿತ್ತು.

ಫಲ ಸಿಗಲಿಲ್ಲವೆಂದು ಮಾತ್ರ ಹೇಳುವಂತಿಲ್ಲ. ಮೊದಲು ಮುಖ ಇಳಿಯಿತು, ಆಮೇಲೆ ತೋಳು ಇಳಿಯಿತು. ಹೊಟ್ಟೆ ಮಾತ್ರ ವರ್ಗಾವಣೆಯ ಆದೇಶಕ್ಕೆ ತಡೆಯಾಜ್ಞೆ ತಂದ ನೌಕರನಂತೆ ಕುಳಿತಲ್ಲೇ ಕುಳಿತಿತ್ತು. ಮೊದಲ ವಾರಗಳಲ್ಲಿ ಎತ್ತಿದ್ದ ಕಬ್ಬಿಣದ ಸರಳು ಈಗ ನೆಲಕ್ಕೆ ಬೇರು ಬಿಟ್ಟಿತ್ತು. ಪ್ರವೀಣ ಕೇಳಿದ: "ಏನ ತಿಂದ ಬಂದೀರಿ ಸರ?" ಹೇಳಿದೆ. "ಸವತಿಕಾಯಿ ತಿಂದು ಕಬ್ಬಣ ಎತ್ತಾಕ ಬಂದೀರೇನ್ರಿ! ಅದರಕಿಂತ ಮನ್ಯಾಗ ಮಲಗಿದ್ರ ಜಿಮ್ಮಿನ ಫ್ಯಾನಿನ ಕರೆಂಟರ ಉಳೀತಿತ್ತು." ಪೇಟೆಯಲ್ಲಿ ಎದುರಾದವರದು ಇನ್ನೊಂದು ವರಸೆ: "ಯಾಕ್ರೀ ಡಾಕ್ಟ್ರ, ಮಾರಿ ಇಳದೈತಿ, ಸಕ್ಕರಿ ಬಂತೇನ್ರಿ?" ನಮ್ಮ ಭಾಗದಲ್ಲಿ ಮನುಷ್ಯ ತೆಳ್ಳಗಾಗಲು ಸಕ್ಕರೆ ಕಾಯಿಲೆಯ ಹೊರತು ಬೇರೆ ಮಾರ್ಗವನ್ನು ಯಾರೂ ಕಲ್ಪಿಸಿಕೊಳ್ಳಲಾರರು.

ಇದೆಲ್ಲ ನಗುವ ಮಾತು. ನಗಲಾಗದ ಒಂದು ಮಾತು ದೇವಣಗಾಂವದಲ್ಲಿ ನಡೆಯಿತು.

ಭೀಮಾ ದಂಡೆಯ ಆ ಊರಿನಲ್ಲಿ ನಿವೃತ್ತ ಶಿಕ್ಷಕ ಅಶೋಕ ಮಾಸ್ತರರ ಮನೆಯಿದೆ. ಬೌದ್ಧ ಮನೆತನ, ಊರ ಅಂಚಿನ ಓಣಿ. ನನ್ನ ಅಡ್ಡಹೆಸರು ಕೇಳಿದರೆ ನಾನು ಊರ ನಡುವಿನ ಓಣಿಯವನೆಂದು ಈ ಸೀಮೆಯಲ್ಲಿ ಯಾರು ಬೇಕಾದರೂ ಹೇಳಿಯಾರು. ಅವರ ಗಬ್ಬದ ಎಮ್ಮೆಗೆ ಸೂಜಿ ಹಾಕಿ ಕೈ ತೊಳೆದುಕೊಂಡಾಗ ಮಾಸ್ತರರ ಪತ್ನಿ ಶಾಂತಾಬಾಯಿ ಒಗ್ಗರಣೆ ಅವಲಕ್ಕಿ, ಚಹಾ ತಂದು ಮುಂದಿಟ್ಟರು. ನಾನು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದ ಮಾತನ್ನೇ ಅಲ್ಲೂ ಹೇಳಿದೆ: "ಬ್ಯಾಡ್ರಿ ಅಕ್ಕಾರ, ಡಯಟ್ ಮಾಡಾಕತ್ತೇನಿ."

ಆಕೆಯ ಮುಖದಲ್ಲಿ ಏನೂ ಕದಲಲಿಲ್ಲ. ತಟ್ಟೆ ಎತ್ತಿಕೊಳ್ಳುತ್ತ ತಣ್ಣಗೆ ಅಂದರು: "ಹೌದ್ರಿ. ನಮ್ಮತ್ತಿ ಕಾಲಕ್ಕ ಬಂದಾವ್ರು ಉಪಾಸ ಅಂತಿದ್ರು. ನಾ ಈ ಮನಿಗಿ ಸೊಸಿಯಾಗಿ ನಡ್ಯಾಕ ಬಂದ ಹೊಸದಾಗಿ ಪಿತ್ತ ಅಂತಿದ್ರು. ಈಗ ಡಯಟ್ ಬಂದೈತೇನ್ರಿ?"

"ಶಾಂತಾ," ಎಂದರು ಮಾಸ್ತರರು. ಅಷ್ಟೇ. ತಟ್ಟೆಯ ಹಿಂದೆ ಚಹಾದ ಕಪ್ಪೂ ಒಳಗೆ ಹೋಯಿತು.

ಬೈಕು ಊರು ದಾಟುವವರೆಗೂ ನನಗೆ ಆ ಮಾತಿನ ಮೊನೆ ತಾಗಿರಲಿಲ್ಲ. ಹಸಿದವನ ಬುದ್ಧಿ ನಿಧಾನ. ತಾಗಿದಾಗ ಬೈಕನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು ನಿಂತೆ. ನನ್ನ ಹೊಟ್ಟೆ ಎಲ್ಲ ಮನೆಗಳ ಮುಂದೆಯೂ ಒಂದೇ ಮಾತು ಆಡಿತ್ತು, ನಿಜ. ಗೌಡರ ಮನೆಯಲ್ಲಿ ಅದು ಬರೀ ಡೌಲಾಗಿ ಕೇಳಿಸಿತು, ವ್ಯಾಪಾರಿಯ ಮನೆಯಲ್ಲಿ ರೋಗವಾಗಿ ಕೇಳಿಸಿತು. ತಲೆತಲಾಂತರದಿಂದ ಬೇಡವೆನಿಸಿಕೊಂಡ ತಟ್ಟೆಯ ಮುಂದೆ ಆಡಿದಾಗ ಅದಕ್ಕೆ ನಾನು ಊಹಿಸದ ಹಳೆಯ ದನಿ ಕೂಡಿಕೊಂಡಿತ್ತು. ತಿರುಗಿ ಹೋಗಿ ಚಹಾ ಕುಡಿದು ಬರಲೇ ಎಂದುಕೊಂಡೆ. ಹಾಗೆ ಕುಡಿದರೆ ಅದು ಚಹಾ ಕುಡಿದಂತಾಗುವುದಿಲ್ಲ, ಅವರ ಚಹಾಕ್ಕೆ ನಾನು ಪ್ರಮಾಣಪತ್ರ ಕೊಟ್ಟಂತಾಗುತ್ತದೆ. ಆ ಪ್ರಮಾಣಪತ್ರವನ್ನೂ ಆಕೆ ತಟ್ಟೆಯಂತೆಯೇ ಒಳಗೆ ಒಯ್ದು ಇಡುತ್ತಿದ್ದರೇನೋ. ಹೋಗಲಿಲ್ಲ. ಸವತೆಕಾಯಿಯನ್ನೂ ಬಿಡಲಿಲ್ಲ, ಅದಕ್ಕೇನು ಹೇಳುತ್ತೀರಿ!

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಮಾಸ್ತರರ ಫೋನು ಬಂತು. "ಎಮ್ಮಿ ಮುಂಜಾನಿಂದ ಬ್ಯಾನಿ ತಿನ್ನಾಕತ್ತೈತ್ರಿ. ಮುಂಗಾಲ ಎರಡೂ ಕಾಣತಾವ, ತಲಿ ಇಲ್ಲ. ಲಗೂನ ಬರ್ರಿ." ಆ ಮನೆಯ ಹಾಲು, ಹೈನು ಎಲ್ಲ ಆ ಒಂದೇ ಎಮ್ಮೆ. ನಾನು ಬೆಳಿಗ್ಗೆ ಜಿಮ್ಮಿನಲ್ಲಿ ಸರಳಿನೊಂದಿಗೆ ಸೋತು ಬಂದು, ನನ್ನ ಹಸಿರು ಊಟ ಮುಗಿಸಿ ಕುಳಿತಿದ್ದೆ. ಹೋದೆ.

ಎಮ್ಮೆ ನೆಲ ಹಿಡಿದಿತ್ತು. ಗೋಣಿತಟ್ಟು ಹಾಸಿ, ಸಾಬೂನು ನೀರು ಹಚ್ಚಿಕೊಂಡು, ಮಗ್ಗುಲಾಗಿ ಮಲಗಿ ಕೈ ಹಾಕಿದೆ. ಕರುವಿನ ಕುತ್ತಿಗೆ ಹಿಂದಕ್ಕೆ ತಿರುಗಿ ತಲೆ ಅದರ ಪಕ್ಕೆಗೆ ಅಂಟಿಕೊಂಡಿತ್ತು. ಬಾಯಲ್ಲಿ ಬೆರಳಿಟ್ಟರೆ ಚೀಪಿತು, ಜೀವ ಇತ್ತು. ಹೇಗೋ ಸರಿದು, ಉಸಿರು ಹೊರಹಾಕಿ, ನನ್ನ ನಾಲ್ಕು ತಾಲೂಕುಗಳನ್ನು ನೆಲಕ್ಕೆ ಅದುಮಿ ಕೆಳದವಡೆಯನ್ನು ಹಿಡಿದೆ. ಹಿಡಿದದ್ದೇ ಬಂತು, ಎಳೆಯಲು ತೋಳಿನಲ್ಲಿ ಏನೂ ಉಳಿದಿರಲಿಲ್ಲ. ಎಮ್ಮೆ ತಿಣುಕಿದಾಗಲೆಲ್ಲ ಕೈ ಗಾಣಕ್ಕೆ ಸಿಕ್ಕಂತಾಗಿ ಬೆರಳು ನಡುಗತೊಡಗಿದವು. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಹಾರಾಡಿದವು. ಬಿಟ್ಟರೆ ದವಡೆ ಮತ್ತೆ ಸಿಗುವುದೆಂಬ ಭರವಸೆಯಿಲ್ಲ. ಹಿಡಿದುಕೊಂಡಿರಬಲ್ಲೆ, ಅಷ್ಟೇ.

"ಬ್ಯಾರೆ ಯಾರಿಗರ ಫೋನ್ ಮಾಡ್ಲೇನ್ರಿ?" ಮಾಸ್ತರರ ದನಿ ಕುಸಿದಿತ್ತು.

"ಅಷ್ಟು ವ್ಯಾಳ್ಯಾ ಇಲ್ರಿ ಮಾಸ್ತರ." ಸೆಗಣಿಯ ನೆಲಕ್ಕೆ ಕೆನ್ನೆಯೂರಿದ್ದ ನಾನು ಕಣ್ಣನ್ನಷ್ಟೇ ಮೇಲೆತ್ತಿದೆ. "ಅಕ್ಕಾರ, ಹೊಟ್ಯಾಗ ಏನೂ ಇಲ್ರಿ. ತಿನ್ನಾಕ ಏನರ ಕೊಡ್ರಿ."

ಶಾಂತಾಬಾಯಿ ನನ್ನನ್ನೇ ನೋಡಿದರು. "ಡಯಟ್?"

"ಅದರ ಮನಿ ಹಾಳಾಗ್ಲಿ. ಕೊಡ್ರಿ."

ಆಕೆ ಒಳಗೆ ಓಡಿದರು. ಬೆಲ್ಲದ ಹೆಂಟೆ, ಮೊಸರಿನಲ್ಲಿ ಮುರಿದು ಕಲಸಿದ ರೊಟ್ಟಿ ತಂದು ನನ್ನ ತಲೆಯ ಬಳಿ ಕುಕ್ಕುರುಗಾಲಿನಲ್ಲಿ ಕೂತರು. ನನ್ನ ಬಲಗೈ ಎಮ್ಮೆಯೊಳಗೆ, ಎಡಗೈ ಸಾಬೂನು, ಸೆಗಣಿಯಲ್ಲಿ. ಕ್ಷಣ ತಡೆದು, ಬೆಲ್ಲ ಮುರಿದು ತಾವೇ ನನ್ನ ಬಾಯಿಗೆ ಹಾಕಿದರು. ಅದು ಕರಗುವಷ್ಟರಲ್ಲಿ ಮೊಸರುರೊಟ್ಟಿಯ ತುತ್ತು. ಸರ್ಕಾರದ ಒಬ್ಬ ಅಧಿಕಾರಿ, ಮೊಮ್ಮಕ್ಕಳಾಗುವ ವಯಸ್ಸಿನವನು, ನೆಲದಲ್ಲಿ ಬಿದ್ದು ಗುಬ್ಬಿಮರಿಯಂತೆ ಬಾಯಿ ತೆರೆಯುತ್ತಿದ್ದ ದೃಶ್ಯವನ್ನು ನೀವೇ ಚಿತ್ರಿಸಿಕೊಳ್ಳಿ.

"ಉಪಾಸ ಅಲ್ಲ ಅಂದಂಗಾತು," ಎಂದರು, ತುತ್ತು ಕಟ್ಟುತ್ತ.

"ಅಲ್ರಿ."

"ಪಿತ್ತನೂ ಅಲ್ಲ."

"ಅಲ್ರಿ ಅಕ್ಕಾರ. ಬರೇ ಸವತಿಕಾಯಿರಿ."

"ಉಣ್ಣಾವಗ ಮಾತಾಡಸಬ್ಯಾಡ ಶಾಂತಾ," ಎಂದು ಕರುವಿನ ಮುಂಗಾಲಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ ಮಾಸ್ತರರು ಗದರಿದರು.

ರೊಟ್ಟಿ ಅಷ್ಟು ಬೇಗ ರಟ್ಟೆಗೆ ಇಳಿಯುವುದಿಲ್ಲವೆಂದು ನಾನೂ ಓದಿದವನೇ. ಬೆಲ್ಲವೋ, ಎಮ್ಮೆ ಕೊಟ್ಟ ವಿರಾಮವೋ, ನಾಚಿಕೆಯೋ, ಅಂತೂ ನಡುಕ ನಿಂತು ಬೆರಳಿಗೆ ಹಿಡಿತ ಮರಳಿತು. ಮುಂದಿನ ಬೇನೆಗೆ ಮೊದಲೇ ಕರುವಿನ ಎದೆಯನ್ನು ಒಳಕ್ಕೆ ಒತ್ತಿ, ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಸೆಳೆದೆ. ತಲೆ ತಿರುಗಿ ಮುಂಗಾಲುಗಳ ಮೇಲೆ ಕೂತಿತು. ಮಾಸ್ತರರು ಎಳೆದರು, ಎಮ್ಮೆ ತಿಣುಕಿತು, ಒದ್ದೆ ಕಪ್ಪು ಮುದ್ದೆಯೊಂದು ಜಾರಿ ನನ್ನ ಎದೆಯ ಮೇಲೆ ಬಂತು. ಮೂಗು ಒರೆಸಿ, ಹುಲ್ಲುಕಡ್ಡಿ ಆಡಿಸಿದೆ. ಸೀನಿತು. ಹೆಣ್ಣುಕರು.

ಈಗ ಜಿಮ್ಮಿಗೆ ಹೋಗುವ ಮೊದಲು ರೊಟ್ಟಿ, ಕಾಳುಪಲ್ಯ ತಿಂದೇ ಹೋಗುತ್ತೇನೆ. ಬಂದ ಮೇಲೆ ಗಟ್ಟಿ ಮೊಸರು, ಹೆಸರುಕಾಳು. ಹೋಳಿಗೆ ಕಂಡರೆ ದೂರದಿಂದ ನಮಸ್ಕರಿಸಿ, ಕೆಲವೊಮ್ಮೆ ಹತ್ತಿರ ಹೋಗಿಯೂ ನಮಸ್ಕರಿಸುತ್ತೇನೆ. ಸರಳು ಮತ್ತೆ ನೆಲ ಬಿಟ್ಟಿದೆ. ಹೊಟ್ಟೆ ಇಳಿಯುತ್ತಿರುವುದು ಕಚೇರಿಯ ಕಡತ ಚಲಿಸುವ ವೇಗದಲ್ಲಿ, ಆದರೆ ಚಲಿಸುತ್ತಿದೆ. ಇದಕ್ಕೆಲ್ಲ ನಾನು ಪ್ರವೀಣನಿಗೆ ಋಣಿ, ನನ್ನದೇ ಭಾಷಣದ ಎತ್ತಿಗೂ ಋಣಿ. ಆದರೆ ಆ ಮಧ್ಯಾಹ್ನ ಇನ್ನೂ ಸ್ವಲ್ಪ ಉಳಿದಿದೆ.

ಬಿಸಿನೀರಿನಲ್ಲಿ ಕೈ ತೊಳೆದು ಹೊರಡಲು ಬ್ಯಾಗು ಎತ್ತಿಕೊಂಡೆ. ನನ್ನ ಮಟ್ಟಿಗೆ ಲೆಕ್ಕ ತೀರಿತ್ತು. ಆಕೆಯ ಮನೆಯ ಅನ್ನ ಆಕೆಯ ಕೈಯಿಂದಲೇ ಉಂಡಾಗಿತ್ತಲ್ಲ! ಶಾಂತಾಬಾಯಿ ಬಾಗಿಲಿಗೆ ಬಂದು ನಿಂತರು.

"ಎಲ್ಲಿ ಹೊಂಟ್ರಿ? ಒಳಗ ಬರ್ರಿ. ಅದು ಹಸಿದು ಉಂಡಿದ್ದು. ಹಸಿದಾವ ಯಾರ ಕೈಲೇನೂ ಉಣ್ಣತಾನ. ಈಗ ಕುಂತು ಉಣ್ರಿ."

ಎಮ್ಮೆ ಪಾರಾಗಿತ್ತು, ನನ್ನ ಕೈ ಬಿಡುಗಡೆಯಾಗಿತ್ತು. ಬೇಡವೆನ್ನಲು ಈಗ ಎಲ್ಲ ಅನುಕೂಲವೂ ಇತ್ತು. ಅದಕ್ಕೇ ಆಕೆ ಈಗ ಕರೆದಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಬುದ್ಧನ ಪಟದ ಕೆಳಗೆ ಮಾಸ್ತರರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮಡಕಿಕಾಳು, ಮೊಸರು. ಮಾಸ್ತರರು ತಮ್ಮ ಸಾಲೆಯ ಕಥೆಗಳನ್ನು ಹೇಳಿದರು. ನಾನು ಅವಸರವಿಲ್ಲದೆ ಉಂಡೆ. ಒಂದಾಯಿತು, ಇನ್ನೊಂದಾಯಿತು. ಆಕೆ ಮತ್ತೊಂದು ರೊಟ್ಟಿ ಹಿಡಿದು ಬಂದಾಗ ಅಭ್ಯಾಸಬಲದಿಂದ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕ್ರಿ ಅಕ್ಕಾರ" ಎಂದುಬಿಟ್ಟೆ. ಆ ಮಾತು ಈ ಮನೆಯಲ್ಲಿ ಹೇಗೆ ಕೇಳಿಸೀತೆಂಬುದು ಅಂದ ಮೇಲೆ ನೆನಪಾಯಿತು.

ಶಾಂತಾಬಾಯಿ ನನ್ನ ತಟ್ಟೆ ನೋಡಿದರು, ಆಮೇಲೆ ನನ್ನ ಮುಖ.

"ಆತು ಬಿಡ್ರಿ. ಸಾಕಂದ್ರ ಸಾಕು," ಎಂದು ಆ ರೊಟ್ಟಿಯನ್ನು ಒಯ್ದು ಎಮ್ಮೆಯ ಮುಂದೆ ಹಿಡಿದರು. ಅದು ಕರುವನ್ನು ನೆಕ್ಕುವುದನ್ನು ಒಂದಿಷ್ಟು ನಿಲ್ಲಿಸಿ, ಯಾವ ನೆವವನ್ನೂ ಹೇಳದೆ ತಿಂದಿತು.